ಉಪ್ಪಿಲ್ಲದ ಬುತ್ತಿ

ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಯಾರಾದರೂ "ಉಪ್ಪು ಕಮ್ಮಿ ಆಗೇದ" ಎಂದರೆ ನನಗೆ ಒಳಗೊಳಗೇ ಖುಷಿಯಾಗುತ್ತದೆ. ನನ್ನ ಗಂಡನಿಗೆ ಇದು ಬಹಳ ವರ್ಷ ಅರ್ಥವಾಗಲಿಲ್ಲ. ಮದುವೆಯಾದ ಹೊಸತರಲ್ಲಿ ಪಾಪ, ಹೆದರುತ್ತ ಹೆದರುತ್ತ ಹೇಳುತ್ತಿದ್ದರು. ನಾನು ಮುಖ ಊದಿಸಿಕೊಳ್ಳುವ ಬದಲು ಹಲ್ಲು ಬಿಟ್ಟು ನಕ್ಕು ಉಪ್ಪಿನ ಡಬ್ಬಿಯನ್ನೇ ಮುಂದೆ ತಂದಿಟ್ಟರೆ, ಇವಳ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬಂತೆ ನೋಡುತ್ತಿದ್ದರು. ನನ್ನ ಅಡಿಗೆಯ ಬಗ್ಗೆ ಹೆಚ್ಚು ಮಾತಾಡದಿರುವುದೇ ಕ್ಷೇಮ ಅನ್ನಿ. ಜೇವರ್ಗಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ವೃತ್ತ ಎಂದರೇನು ಎಂದು ಕಲಿಸುವವಳು ನಾನು. ನನ್ನ ರೊಟ್ಟಿ ಮಾತ್ರ ಗಣಿತದ ಯಾವ ವ್ಯಾಖ್ಯೆಗೂ ಸಿಗುವುದಿಲ್ಲ. ಅಂಥ ರೊಟ್ಟಿ ತಿಂದು, ಉಪ್ಪು ಕಮ್ಮಿ ಎಂದು ಬಾಯಿಬಿಟ್ಟು ಹೇಳುವ ಗಂಡ ಸಿಕ್ಕಿದ್ದಾನಲ್ಲ ಎಂಬುದು ನನ್ನ ಖುಷಿ. ಏಕೆಂದರೆ ನನ್ನ ಅವ್ವ ಆ ಒಂದು ಮಾತಿಗಾಗಿ ತನ್ನ ಗಂಡನ ಬಾಯಿಯನ್ನು ಜೀವಮಾನವಿಡೀ ನೋಡಿದಳು.

ಅವ್ವ ಹೋದ ವರ್ಷ ಬೇಸಿಗೆ ಕಾಲಿಡುವ ಮುಂಚೆ ತೀರಿಕೊಂಡಳು. ತುಂಬು ವಯಸ್ಸು. ಮೊಮ್ಮಕ್ಕಳ ಮಕ್ಕಳನ್ನೂ ತೊಡೆಯ ಮೇಲೆ ಕೂರಿಸಿಕೊಂಡು ಎಣ್ಣೆ ತಿಕ್ಕಿದ ಜೀವ. ಮಾತಾಡಿಸಲು ಬಂದ ಹೆಂಗಸರೆಲ್ಲ ಅಂಗಳದಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದರು.

"ಗುರುಬಾಯಿ ಅಂಥಾಕಿನ್ನ ಈಗ ಎಲ್ಲಿ ನೋಡ್ತೀರಿ? ಗಂಡಗ ಒಂದಿನ ತಿರುಗಿ ಮಾತಾಡಿದಾಕಿ ಅಲ್ಲ."

ನಾನು ಸೆರಗು ಬಾಯಿಗೆ ಹಚ್ಚಿ ತಲೆ ತಗ್ಗಿಸಿದೆ. ಅಳುತ್ತಿದ್ದೇನೆ ಎಂದುಕೊಂಡು ಒಬ್ಬರು ಬೆನ್ನು ಸವರಿದರು. ನಿಜ ಹೇಳಬೇಕೆಂದರೆ ನನಗೆ ನಗು ಬಂದಿತ್ತು. ಅವ್ವ ತಿರುಗಿ ಮಾತಾಡಲಿಲ್ಲ, ಅದು ಖರೆ. ಮಾತಿನ ಬದಲು ಪಲ್ಯಕ್ಕೆ ಉಪ್ಪು ಹಾಕದೆ ಬಿಟ್ಟಳು. ಆ ಸಂಗತಿ ಗೊತ್ತಿದ್ದವಳು ಆ ಅಂಗಳದಲ್ಲಿ ನಾನೊಬ್ಬಳೇ.

ನಮ್ಮ ಊರು ಆಳಂದ ತಾಲ್ಲೂಕಿನ ನಿಂಬರ್ಗಾ. ಅವ್ವನ ತವರು ಇಜೇರಿ. ಇಜೇರಿಯವರೆಂದರೆ ಅಡಿಗೆಯಲ್ಲಿ ಮಿಗಿಲು ಎಂಬುದು ಅವ್ವನ ಖಡಾಖಂಡಿತ ನಂಬಿಕೆ. ಇಜೇರಿಯ ಉಳಿದವರಿಗೆ ಹಾಗೆ ಅನ್ನಿಸಿತ್ತೋ ಇಲ್ಲವೋ ನನಗೆ ತಿಳಿಯದು. ಪುಂಡಿಪಲ್ಯಕ್ಕೆ ಜೋಳದ ನುಚ್ಚು ಎಷ್ಟು ಬೀಳಬೇಕು, ಅಗಸಿ ಹಿಂಡಿ ಎಂಬ ಚಟ್ನಿಪುಡಿಗೆ ಬೆಳ್ಳುಳ್ಳಿ ಜಜ್ಜಿ ಹಾಕಬೇಕೋ ಹುರಿದು ಹಾಕಬೇಕೋ ಎಂಬ ವಿಷಯ ಬಂದರೆ ಅವಳು ದೇವರ ಮಾತನ್ನೂ ಕೇಳುವವಳಲ್ಲ. ಮದುವೆಯಾಗಿ ಬಂದಾಗ ಅಡಿಗೆಮನೆ ನಮ್ಮ ಅಜ್ಜಿಯ ಕೈಯಲ್ಲಿತ್ತಂತೆ. ಅಜ್ಜಿ ಬಹಳ ಮೆತ್ತಗಿನ ಹೆಂಗಸು. ಹಣೆಯ ಮೇಲೆ, ಕುಂಕುಮದ ಪಕ್ಕದಲ್ಲೇ, ಒಂದು ಹಳೆಯ ಗಾಯದ ಕಲೆ. ನೀರು ಸೇದುವಾಗ ಬಾವಿಯ ಗಡಗಡೆ ಬಡಿದದ್ದು ಎಂದು ಹೇಳುತ್ತಿದ್ದಳು. ಸೊಸೆಯ ಮೊದಲ ಪುಂಡಿಪಲ್ಯ ಬಾಯಿಗಿಟ್ಟ ದಿನವೇ ಅಜ್ಜಿ ಒಲೆಯ ಮುಂದಿನ ಮಣೆ ಬಿಟ್ಟುಕೊಟ್ಟಳು. ಅಂದು ಆ ಮಣೆಯ ಮೇಲೆ ಕೂತ ಅವ್ವ ಏಳಲಿಲ್ಲ. ಗ್ಯಾಸು ಬಂದ ಮೇಲೂ ರೊಟ್ಟಿಗೆ ಮಾತ್ರ ಆ ಮಣೆ, ಆ ಒಲೆ.

ಅಪ್ಪ ಹವಳಗಾದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರಿನ ಕೆಲಸ ಮಾಡುತ್ತಿದ್ದ. ಕಬ್ಬು ಅರೆಯುವ ಹಂಗಾಮು ಶುರುವಾಯಿತೆಂದರೆ ಅಲ್ಲೇ ಒಂದು ಖೋಲಿಯಲ್ಲಿ ವಾಸ. ರಜೆ ಸಿಕ್ಕಾಗ ಊರಿಗೆ ಬಂದು, ಎಣ್ಣೆ ಹಚ್ಚಿಸಿಕೊಂಡು ಮಿಂದು, ಮಲಗಿ ಎದ್ದು ಹೋಗಿಬಿಡುವನು. ಅಲ್ಲಿ ಊಟಕ್ಕೆ ಹೋಟೆಲು ಇತ್ತು. ಆದರೆ ಹೋಟೆಲಿನ ಊಟ ಎಂಬ ಮಾತು ಕೇಳಿದರೆ ಅವ್ವ ಮುಖವನ್ನು ಹೇಗೆ ಮಾಡುತ್ತಿದ್ದಳೆಂದರೆ, ಯಾರೋ ತನ್ನ ತವರುಮನೆಯನ್ನೇ ಬೈದ ಹಾಗೆ. ಹೀಗಾಗಿ ಹಂಗಾಮಿನುದ್ದಕ್ಕೂ ದಿನಾ ಬುತ್ತಿ ಕಳಿಸುವುದು ನಡೆಯಿತು. ಆಳಂದದಿಂದ ನಮ್ಮೂರ ಮೇಲೆ ಹಾದು ಅಫಜಲಪುರದ ಕಡೆ ಹೋಗುವ ಬೆಳಗಿನ ಬಸ್ಸು ಅದಕ್ಕೆ ಗಟ್ಟಿ ಆಧಾರ. ಆ ಬಸ್ಸಿಗೆ ಜನ ಹತ್ತುವ ಮೊದಲು ಬುತ್ತಿ ಚೀಲಗಳು ಹತ್ತುತ್ತಿದ್ದವು.

ಈಗಿನವರಿಗೆ ಹೇಳಿದರೆ ನಂಬಲಿಕ್ಕಿಲ್ಲ, ಆ ಚೀಲಗಳ ಮೇಲೆ ಹೆಸರು ಇರುತ್ತಿರಲಿಲ್ಲ. ಬರೆಯುವವರು ಯಾರು, ಓದುವವರು ಯಾರು? ಒಬ್ಬಳು ಹಸಿರು ದಾರದ ಹೂವು ಹಾಕುವಳು, ಇನ್ನೊಬ್ಬಳು ತನ್ನ ಹಳೆಯ ಕುಪ್ಪಸದ ತುಂಡು ಹಚ್ಚುವಳು. ನಮ್ಮ ಚೀಲಕ್ಕೆ ಕೆಂಪು ಗುಂಡಿ. ನನ್ನ ಹರಿದ ಫ್ರಾಕಿನಿಂದ ಕಿತ್ತು ಅವ್ವ ಹೊಲಿದದ್ದು. ದಾರಿಯ ಮುಂದಿನ ಹಳ್ಳಿಯಿಂದ ಹತ್ತುತ್ತಿದ್ದ ಮಹಿಬೂಬಸಾಬನ ಮನೆಯ ಚೀಲಕ್ಕೆ ಬಿಳಿ ಗುಂಡಿ. ಮಹಿಬೂಬಸಾಬ ಅಪ್ಪನ ಪಾಳಿಯವನೇ, ಅದೇ ಬಾಯ್ಲರಿನ ಮುಂದೆ ನಿಲ್ಲುವವನು. ಚೀಲಗಳನ್ನು ಕಂಡಕ್ಟರ್ ಶಿವರಾಯ ತನ್ನ ಸೀಟಿನ ಬುಡದಲ್ಲಿಟ್ಟುಕೊಂಡು ಹೋಗಿ ಕಾರ್ಖಾನೆ ಕ್ರಾಸಿನಲ್ಲಿ ಇಳಿಸುವನು. ಅಲ್ಲಿ ಚಹಾದ ಅಂಗಡಿಯವನು ಸಾಲಾಗಿ ಮೊಳೆಗೆ ತೂಗುಹಾಕಿ, ಗಂಟೆ ಹೊಡೆದಾಗ ಒಬ್ಬೊಬ್ಬರ ಕೈಗೆ ಕೊಡುವನು. ಸಂಜೆಯ ಬಸ್ಸಿಗೆ ಬರಿದಾದ ಚೀಲಗಳು ಅದೇ ದಾರಿಯಲ್ಲಿ ತಿರುಗಿ ಮನೆಗೆ.

ಚೀಲದ ಜೊತೆ ಒಂದು ಮಾತೂ ಬರುತ್ತಿತ್ತು. ಶಿವರಾಯ ಕಿಡಕಿಯಿಂದ ಬಾಗಿ ಚೀಲ ಕೊಡುತ್ತ, "ಚೊಲೋ ಇತ್ತಂತ್ರಿ ಅಕ್ಕಾರ" ಎನ್ನುವನು. ದಿನಾ ಅದೇ ಮಾತು. ಪುಂಡಿಪಲ್ಯ ಇದ್ದರೂ ಚೊಲೋ, ಬದನೆಕಾಯಿ ಇದ್ದರೂ ಚೊಲೋ, ಏನೂ ಇಲ್ಲದೆ ಬರೀ ಹಿಂಡಿ ಮೊಸರು ಕಟ್ಟಿದರೂ ಚೊಲೋ. ನನಗಂತೂ ಶಿವರಾಯ ಅದನ್ನು ಎಲ್ಲ ಊರಿನ ಎಲ್ಲ ಅಕ್ಕಂದಿರಿಗೂ ಟಿಕೇಟು ಹರಿದು ಕೊಟ್ಟ ಹಾಗೆ ಕೊಡುತ್ತಾನೆಂದೇ ಅನುಮಾನ. ಅವ್ವನಿಗೆ ಮಾತ್ರ ಆ ಮಾತು ಕಿವಿಗೆ ಬೀಳುವ ತನಕ ಸಂಜೆಯ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮದುವೆ, ಸೀಮಂತಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಒಡಪು ಕಟ್ಟಿ ಹೇಳಬೇಕಲ್ಲ, ಆಗ ಅವ್ವ ನಾಚುತ್ತ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳುತ್ತಿದ್ದಳು:

"ಬಿಳಿಜ್ವಾಳದ ರೊಟ್ಟಿಗಿ ಪುಂಡಿಪಲ್ಲೆ ಚೆಂದ,
ಸಿದ್ರಾಮಪ್ಪನೋರು ಉಂಡ್ರ ನನಗ ಆನಂದ."

ಇದು ಅವಳೇ ಕಟ್ಟಿದ್ದು. ಅಪ್ಪ ಗಂಡಸರ ಸಾಲಿನಲ್ಲಿ ಕೂತು ಎಲ್ಲೋ ನೋಡುವವನ ಹಾಗೆ ಮೀಸೆ ತಿದ್ದಿಕೊಳ್ಳುತ್ತಿದ್ದ.

ಈ ಆನಂದಕ್ಕೆ ಕಲ್ಲು ಬಿದ್ದದ್ದು ಭೀಮಶಾನಿಂದ. ಭೀಮಶಾ ಆ ವರ್ಷ ಕ್ರಾಸಿನಲ್ಲಿ ಹೊಸದಾಗಿ ಚಹಾದ ಅಂಗಡಿ ಹಿಡಿದವನು. ಬಲು ಒಳ್ಳೆಯ ಮನುಷ್ಯ, ಅದೇ ತೊಂದರೆ. ಹಂಗಾಮು ಮುಗಿದ ಮೇಲೆ ಬೇಸಿಗೆಯಲ್ಲಿ ಆಳಂದಕ್ಕೆ ಯಾರದೋ ಮದುವೆಗೆ ಹೊರಟವನು ನೀರು ಕುಡಿಯಲೆಂದು ನಮ್ಮ ಮನೆಗೆ ಬಂದ. ಅಪ್ಪ ಹೊಲಕ್ಕೆ ಹೋಗಿದ್ದ. ಅವ್ವ ಬೆಲ್ಲ ನೀರು ತಂದಳು. ಭೀಮಶಾ ಕುಡಿದು ಮೀಸೆ ಒರೆಸಿಕೊಂಡು ತನ್ನ ನಿಯತ್ತಿನ ವರದಿ ಒಪ್ಪಿಸಿದ.

"ಅಕ್ಕಾರ, ಈ ಹಂಗಾಮಿನಾಗ ಒಂದ್ ದಿನಾನೂ ನಿಮ್ಮ ಚೀಲ ತಪ್ಪಿಸಿಲ್ಲ ನೋಡ್ರಿ. ಗಂಟಿ ಬಾರಿಸಿದ ಕೂಡ್ಲೆ ಬಿಳಿ ಗುಂಡಿ ಸಿದ್ರಾಮಣ್ಣಗ, ಕೆಂಪು ಗುಂಡಿ ಮಹಿಬೂಬಣ್ಣಗ."

ಅವ್ವ ತಂಬಿಗೆ ಹಿಡಿದವಳು ಹಾಗೇ ನಿಂತಳು.

"ಯಾವ ಗುಂಡಿ ಅಂದಿ?"

"ಬಿಳೀದು, ಅಕ್ಕಾರ."

"ಪೂರಾ ಹಂಗಾಮು?"

"ಪೂರಾ! ನಾ ಕೆಲಸದಾಗ ಭಾಳ ಚೊಕ್ಕ ಇದ್ದೇನ್ರಿ."

ಅವ್ವ ಅವನಿಗೆ ಇನ್ನೊಂದು ಬೆಲ್ಲದ ಚೂರು ಕೊಟ್ಟು ಕಳಿಸಿದಳು. ಅವನು ಓಣಿ ದಾಟುವ ತನಕ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಒಳಗೆ ಬಂದು ಮಣೆಯ ಮೇಲೆ ಕೂತಳು. ಒಲೆ ಆರಿತ್ತು.

"ಅಲ್ಲ ಬೇ," ಎಂದಳು ನನ್ನ ಮುಖ ನೋಡಿ, "ಇಷ್ಟು ದಿನ ನಾ ಯಾರ ಸಲುವಾಗಿ ರೊಟ್ಟಿ ಬಡದೆ?"

ನನಗೆ ಆಗ ಲಂಗ ಉಡುವ ವಯಸ್ಸು. ಇದರಲ್ಲಿ ಅಳುವಂಥದ್ದೇನಿದೆ ಎಂದು ತಿಳಿಯಲಿಲ್ಲ. ಅಪ್ಪನ ಹೊಟ್ಟೆಯೂ ತುಂಬಿದೆ, ಮಹಿಬೂಬಸಾಬನ ಹೊಟ್ಟೆಯೂ ತುಂಬಿದೆ. ಲೆಕ್ಕ ಸರಿಯಾಗಿಯೇ ಇದೆಯಲ್ಲ? ನೋಡಿ, ಗಣಿತದ ಮೇಡಂ ಆಗುವ ಲಕ್ಷಣ ಅಂದೇ ಕಾಣಿಸಿತ್ತು.

"ಅಪ್ಪನ್ನ ಕೇಳು," ಎಂದೆ.

"ಏನಂತ ಕೇಳಲಿ? ಬ್ಯಾರೇದಾಕಿ ಕೈ ಊಟ ಉಂಡ್ರಿ, ಗೊತ್ತಾಗ್ಲಿಲ್ಲೇನ್ರಿ ಅಂತನಾ? ಇಲ್ಲ, ಗೊತ್ತಾಗ್ಲಿಲ್ಲ ಅಂದ್ರ? ಆಮ್ಯಾಲ ನಾ ಈ ಒಲಿ ಮುಂದ ಹ್ಯಾಂಗ ಕೂಡ್ಲಿ?" ಕಣ್ಣೊರೆಸಿಕೊಂಡು ಬೆರಳು ತೋರಿಸಿದಳು. "ಯಾರ ಮುಂದಾದ್ರೂ ಬಾಯಿ ಬಿಟ್ಟಿ ಅಂದ್ರ ನೋಡು."

ಬಿಡಲಿಲ್ಲ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಈಗ ನಿಮ್ಮ ಮುಂದೆ ಬಿಡುತ್ತಿದ್ದೇನೆ.

ಅವ್ವ ಯಾವುದನ್ನೂ ಬಾಯಲ್ಲಿ ಹೇಳುವವಳಲ್ಲ, ಕೈಯಲ್ಲಿ ಹೇಳುವವಳು. ರೊಟ್ಟಿ ಬಡಿಯುವ ಸದ್ದು ಕೇಳಿಯೇ ಹಾಸಿಗೆಯಲ್ಲಿದ್ದ ನಾವು ಮಕ್ಕಳು ಆ ದಿನದ ಹವಾಮಾನ ತಿಳಿದುಕೊಳ್ಳುತ್ತಿದ್ದೆವು. ಮುಂದಿನ ಹಂಗಾಮು ಶುರುವಾದಾಗ ಮೊದಲು ಶಿವರಾಯನ ಕೈಲಿ ಭೀಮಶಾನಿಗೆ ಹೇಳಿಕಳಿಸಿ ಗುಂಡಿಯ ತಪ್ಪನ್ನು ಸರಿಮಾಡಿಸಿದಳು. ಕೆಂಪು ಗುಂಡಿ ಅಪ್ಪನಿಗೇ ಸೇರುತ್ತಿದೆ ಎಂದು ಖಾತ್ರಿಯಾಯಿತು. ಥಂಡಿ ಚೆನ್ನಾಗಿ ಬಿದ್ದಿದ್ದ ಒಂದು ಬೆಳಿಗ್ಗೆ, ಪಲ್ಯ ಕುದಿಯುತ್ತಿರುವಾಗ ಉಪ್ಪಿನ ಗಡಿಗೆಯತ್ತ ಹೋದ ಅವಳ ಕೈ ನಡುವೆಯೇ ನಿಂತಿತು. ಹಾಗೇ ಹಿಂದಕ್ಕೆ ಬಂತು.

"ಅವ್ವಾ, ಉಪ್ಪು!" ಎಂದೆ.

"ಗೊತ್ತದ. ನಿನ್ನ ಕೆಲಸ ನೀ ನೋಡು."

ಸಂಜೆ ನಾನೂ ಅವಳ ಸಂಗಡ ಬಸ್ಸಿಗೆ ಹೋದೆ. ಶಿವರಾಯ ಬಾಗಿ ಚೀಲ ಕೊಟ್ಟ. "ಚೊಲೋ ಇತ್ತಂತ್ರಿ ಅಕ್ಕಾರ." ಡಬ್ಬಿ ಬರಿದಾಗಿತ್ತು. ಮರುದಿನ ಬದನೆಕಾಯಿ, ಅದಕ್ಕೂ ಉಪ್ಪಿಲ್ಲ. ಚೊಲೋ ಇತ್ತಂತ. ಅದರ ಮರುದಿನ ಬೇಳೆ. ಚೊಲೋ ಇತ್ತಂತ! ಅವ್ವನ ಮುಖ ದಿನದಿನಕ್ಕೆ ಸಣ್ಣಗಾಯಿತು. ಮನೆಯಲ್ಲಿ ನಮಗೆ ಬೇರೆ ಪಾತ್ರೆಯಲ್ಲಿ ಉಪ್ಪು ಹಾಕಿಯೇ ಬಡಿಸುತ್ತಿದ್ದಳು. ತಾನು ಮಾತ್ರ ಬುತ್ತಿಗೆ ಕಟ್ಟಿದ ಪಲ್ಯವನ್ನೇ ಹಾಕಿಕೊಂಡು ಉಣ್ಣುತ್ತಿದ್ದಳು. ಗಂಡ ಸಪ್ಪೆ ಉಣ್ಣುವಾಗ ತಾನು ರುಚಿಯಾಗಿ ಹೇಗೆ ಉಂಡಾಳು! ಶಿಕ್ಷೆ ಯಾರು ಯಾರಿಗೆ ಕೊಟ್ಟ ಹಾಗಾಯಿತು, ನೀವೇ ಹೇಳಿ.

ಹೀಗೆ ನಡೆದಿರುವಾಗ ಒಂದು ಮಧ್ಯಾಹ್ನ ಅಪ್ಪ ಬಂದ. ರಜೆಯಲ್ಲ, ಏನಲ್ಲ. ಅವ್ವ ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತಿದರೆ ಬಾಗಿಲಲ್ಲಿ ಅಪ್ಪ. ಹೆಗಲ ಮೇಲಿನ ವಲ್ಲಿಯ ಗಂಟಿನಲ್ಲಿ ಮೋಸಂಬಿ. ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತು ಅವಳನ್ನೇ ನೋಡುತ್ತಿದ್ದ.

"ಆರಾಮ ಅದಿ?" ಎಂದ.

"ನನಗೇನ್ ಧಾಡಿ ಆಗೇದ?" ಅವ್ವನ ದನಿ ಖಾರವಾಗಿತ್ತು. "ನೀವ್ಯಾಕ ಬಂದ್ರಿ ಕೆಲಸ ಬಿಟ್ಟು?"

ಅಪ್ಪ ಒಳಮನೆಯ ಕಡೆ ಕಣ್ಣು ಹಾಯಿಸಿದ. ಆಮೇಲೆ, "ಕಂಬಳಿ ಒಯ್ಯಾಕ ಬಂದೆ. ಥಂಡಿ ಭಾಳ ಅದ," ಎಂದ.

ಅವ್ವ ಒಳಗಿನಿಂದ ಕರಿಯ ಕಂಬಳಿ ತಂದು ಕೈಗೆ ಕೊಟ್ಟಳು. ಅದರ ಒಂದು ಮೂಲೆ ಇಲಿ ಕಡಿದು ಹರಿದಿತ್ತು, ಕೆಂಪು ದಾರದಲ್ಲಿ ಅವಳೇ ಹೊಲಿದಿದ್ದಳು. ಅಪ್ಪ ನಿಂತ ಕಾಲಲ್ಲೇ ಚಹಾ ಕುಡಿದ. ನನ್ನ ಕೈಗೆ ಮೋಸಂಬಿ ಕೊಟ್ಟು, "ಅವ್ವಗ ಸುಲಿದು ಕೊಡು" ಎಂದು ಹೇಳಿ ಬಸ್ಸಿಗೆ ಹೊರಟುಹೋದ.

"ನೋಡಿದೇನು?" ಎಂದಳು ಅವ್ವ, ಅವನು ಮರೆಯಾದ ಮೇಲೆ. "ಒಂದು ಕಂಬಳಿ ಸಲುವಾಗಿ ಇಷ್ಟು ದೂರ ಬಂದ ಮನುಷ್ಯಾ ಉಪ್ಪಿನ ಮಾತು ಎತ್ತಲಿಲ್ಲ. ನಾಲಿಗಿ ಇಲ್ಲ ಬೇ ನಿಮ್ಮಪ್ಪಗ. ನಾಲಿಗೀನೇ ಇಲ್ಲ." ಮರುದಿನದಿಂದ ಪಲ್ಯಕ್ಕೆ ಉಪ್ಪು ಬಿತ್ತು. ಪರೀಕ್ಷೆ ಮುಗಿದಿತ್ತು, ಅಪ್ಪ ನಪಾಸಾಗಿದ್ದ.

ಅಲ್ಲಿಂದ ಮುಂದೆ ಹೊರಗಿನವರಿಗೆ ಏನೂ ವ್ಯತ್ಯಾಸ ಕಾಣಿಸಲಿಲ್ಲ. ಅವ್ವ ಹಾಗೆಯೇ ಕೋಳಿ ಕೂಗುವ ಮುಂಚೆ ಎದ್ದಳು, ಹಾಗೆಯೇ ರೊಟ್ಟಿ ಬಡಿದಳು. ಅಪ್ಪನಿಗೆ ಜ್ವರ ಬಂದರೆ ತಾನು ಉಪವಾಸ, ಅಪ್ಪನಿಗೆ ಕಾಲು ನೋವೆಂದರೆ ಇವಳ ಕೈಗೆ ನಿದ್ದೆ ಇಲ್ಲ. ಆದರೆ ಒಡಪು ಬದಲಾಯಿತು. ಮುಂದಿನ ಮದುವೆಯೊಂದರಲ್ಲಿ ಹೆಂಗಸರು ಒತ್ತಾಯ ಮಾಡಿದಾಗ,

"ಅಫಜಲಪುರದ ಬಸ್ಸಿಗಿ ಕೆಂಪು ಬಣ್ಣ,
ಸಿದ್ರಾಮಪ್ಪನೋರು ನಮ್ಮ ಮನಿ ಯಜಮಾನ"

ಎಂದು ಹೇಳಿ ಕೂತುಬಿಟ್ಟಳು. ಎಲ್ಲರೂ ನಕ್ಕರು. ಇದೇನು ಒಡಪೋ, ಬಸ್ ಸ್ಟ್ಯಾಂಡಿನ ಬೋರ್ಡೋ ಎಂದು ಚೇಷ್ಟೆ ಮಾಡಿದರು. ಗಂಡಸರ ಸಾಲಿನಲ್ಲಿ ಅಪ್ಪ ಮೀಸೆಗೆ ಒಯ್ದ ಕೈಯನ್ನು ಕೆಳಗಿಳಿಸಿದ್ದನ್ನು ನಾನು ನೋಡಿದೆ.

ಅಪ್ಪ ರಿಟೈರಾಗಿ ಮನೆಗೆ ಬಂದ. ಈಗ ಬಸ್ಸು, ಶಿವರಾಯ ಯಾರೂ ನಡುವೆ ಇಲ್ಲ. ತಾಟಿನ ಮುಂದೆ ತಾನೇ ಕೂತು, ತನ್ನ ಬಾಯಿಂದಲೇ "ಚೊಲೋ ಅದ" ಎನ್ನತೊಡಗಿದ. "ಹೂಂ, ನಿಮಗ ಕಡಬು ಹಾಕಿದ್ರೂ ಅಷ್ಟ, ದನಕ್ಕ ಹಾಕೋ ಕಣಿಕಿ ಹಾಕಿದ್ರೂ ಅಷ್ಟ," ಎಂದು ಅವ್ವ ಒಳಗಿನಿಂದಲೇ ಗೊಣಗುವಳು. ನಮಗೆಲ್ಲ ಅದು ತಮಾಷೆ. ಅಪ್ಪ ತೀರಿಕೊಂಡ ಮೇಲೆಯೇ ಗೊತ್ತಾಯಿತು, ಅದು ಅವಳಿಗೆ ತಮಾಷೆ ಆಗಿರಲಿಲ್ಲ ಎಂದು. ಜೇವರ್ಗಿಗೆ ನನ್ನ ಹತ್ತಿರ ಬಂದು ಇದ್ದಾಗ, ನಾನು ಪೇಪರ್ ತಿದ್ದುತ್ತ ಕೂತಿದ್ದರೆ ಹತ್ತಿರ ಬಂದು ಕೂರುವಳು.

"ಒಮ್ಮಿ ಕೇಳಬೇಕಾಗಿತ್ತೇನು ಬೇ?"

ಏನನ್ನು ಎಂದು ನಾನು ಕೇಳುತ್ತಿರಲಿಲ್ಲ.

"ಈಗ ಯಾರನ್ನ ಕೇಳೋದು? ಜಲಮ ಪೂರ್ತಿ ಒಂದು ಕೆಲಸ ಮಾಡಿದೆ. ಅದು ಅವರಿಗೆ ಗೊತ್ತಿತ್ತೋ ಇಲ್ಲೋ, ಅಷ್ಟ ತಿಳದ್ರ ಸಾಕಾಗಿತ್ತು ನನಗ."

ನಾನು ಏನೇನೋ ಸಮಾಧಾನ ಹೇಳುತ್ತಿದ್ದೆ. ಗೊತ್ತಿಲ್ಲದೆ ಇರ್ತದೇನವ್ವ, ಗಂಡಸರು ಹೇಳೋದಿಲ್ಲ ಅಷ್ಟೇ, ಇತ್ಯಾದಿ. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ವಿದ್ಯಾರ್ಥಿ ಪುಟ ತುಂಬಿಸಿದ ಹಾಗೆ. ಅವಳು ಕೇಳಿ ತಲೆಯಾಡಿಸಿ ಎದ್ದುಹೋಗುವಳು. ಈ ಮುಳ್ಳನ್ನು ಇಟ್ಟುಕೊಂಡೇ ಇವಳು ಹೋಗಿಬಿಡುತ್ತಾಳಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ಮಹಿಬೂಬಸಾಬ ಹಜ್ ಮುಗಿಸಿ ಬಂದಿದ್ದಾನೆಂಬ ಸುದ್ದಿ ಬಂದದ್ದು ಆಗಲೇ. ಅವನು ಮಗನ ಜೊತೆ ಅಫಜಲಪುರದಲ್ಲಿ ಇದ್ದ. ಹಜ್ಜಿನಿಂದ ಬಂದವರನ್ನು ಹೋಗಿ ಮಾತಾಡಿಸುವುದು ನಮ್ಮ ಕಡೆ ಎಲ್ಲರಿಗೂ ಇರುವ ರೂಢಿ. "ನಿಮ್ಮಪ್ಪ ಇದ್ದಿದ್ರ ಮೊದಲನೇ ಬಸ್ಸಿಗಿ ಹೋಗ್ತಿದ್ದ. ನಡಿ, ಹೋಗೂಣು," ಎಂದಳು ಅವ್ವ. ಹೊಸ ಇಲಕಲ್ ಸೀರೆ ಉಟ್ಟು, ಒಂದು ಡಬ್ಬಿ ಅಗಸಿ ಹಿಂಡಿ ಕಟ್ಟಿಕೊಂಡು ಹೊರಟಳು.

ಮಹಿಬೂಬಸಾಬ ಪಡಸಾಲೆಯ ಹೊರಸಿನ ಮೇಲೆ ಕೂತಿದ್ದ. ಗಡ್ಡವೆಲ್ಲ ಬಿಳಿಯಾಗಿ, ಬಾಯಲ್ಲಿ ಹಲ್ಲು ಕಡಿಮೆಯಾಗಿ, ನಗು ಮಾತ್ರ ದೊಡ್ಡದಾಗಿತ್ತು. "ಬರ್ರಿ ಭಾಭಿ, ಬರ್ರಿ!" ಎಂದು ಕರೆದು ಖರ್ಜೂರ ಕೊಟ್ಟ, ಹಜ್ಜಿನಿಂದ ತಂದ ಬಾಟಲಿಯಿಂದ ಎರಡು ಗುಟುಕು ಪವಿತ್ರ ಜಮ್‌ಜಮ್ ನೀರು ಕೊಟ್ಟ. ಅಲ್ಲಿಯ ಬಿಸಿಲು, ಜನ, ವಿಮಾನದಲ್ಲಿ ತನ್ನ ಕಿವಿ ಮುಚ್ಚಿಕೊಂಡದ್ದು ಎಲ್ಲ ವರ್ಣಿಸುತ್ತಿದ್ದ. ಅವ್ವ ಕೇಳುತ್ತಿರಲಿಲ್ಲ. ಅವಳು ಹೊರಸಿನ ಮೇಲೆ ಅವನು ಮಡಿಸಿ ಹಾಸಿಕೊಂಡಿದ್ದ ಕಂಬಳಿಯ ಮೂಲೆಯನ್ನು ನೋಡುತ್ತಿದ್ದಳು.

"ಇದು ನಮ್ಮ ಕಂಬಳಿ," ಎಂದಳು.

ನನಗೆ ನೆಲವೇ ಬಾಯ್ಬಿಡಬಾರದೇ ಅನ್ನಿಸಿತು. ಹಜ್ಜಿನಿಂದ ಬಂದ ಮನುಷ್ಯನ ಮನೆಯಲ್ಲಿ ಆಡುವ ಮಾತೇ? "ಅವ್ವಾ, ಸುಮ್ನಿರು. ಕಂಬಳಿ ಎಲ್ಲಾ ಒಂದೇ ಥರ ಇರ್ತಾವ," ಎಂದು ಪಿಸುಗುಟ್ಟಿದೆ.

"ಈ ಕೆಂಪು ದಾರ ನಂದು."

ಮಹಿಬೂಬಸಾಬ ಮೂಲೆ ಎತ್ತಿ ನೋಡಿ ಗಹಗಹಿಸಿ ನಕ್ಕ. "ಹೌದ್ರಿ ಭಾಭಿ, ನಿಮ್ಮದೇ. ಸಿದ್ರಾಮ ನನಗ ಕೊಟ್ಟಾನ. ಇನ್ನೂ ಹರದಿಲ್ಲ ನೋಡ್ರಿ."

"ಥಂಡಿ ಅದ ಅಂತ ಅವರು ಮನಿತನಕ ಬಂದು ಒಯ್ದಿದ್ರಲ್ಲ?"

"ಅವನಿಗೆಲ್ಲಿ ಥಂಡಿ? ಬಾಯ್ಲರ್ ಮುಂದ ನಿಲ್ಲೋ ಮನುಷ್ಯಾ! ಖೋಲಿದಾಗ ಅವಂದು ಒಂದು ಕಂಬಳಿ ಇದ್ದೇ ಇತ್ತು. ಅವ ಬಂದದ್ದು ಕಂಬಳಿಗಲ್ಲ ಭಾಭಿ. ನಿಮ್ಮ ಮಾರಿ ನೋಡಾಕ ಬಂದಿದ್ದ."

ಅವ್ವ ಖರ್ಜೂರ ಹಿಡಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಆಗೊಂದಿಷ್ಟು ದಿನ ನಿಮ್ಮ ಪಲ್ಲೆದಾಗ ಉಪ್ಪೇ ಇರ್ಲಿಲ್ಲ. ನಿಮಗ ನೆಪ್ಪಿರ್ಲಿಕ್ಕಿಲ್ಲ."

"ಇರ್ಲಿಕ್ಕಿಲ್ಲ," ಎಂದಳು ಅವ್ವ. ನಾನು ಗೋಡೆ ನೋಡಿದೆ.

"ನಾ ಅಂದೆ, ಲೇ ಸಿದ್ರಾಮ, ಭೀಮಶಾನ ಕಡೆ ಚಿಟಿಕಿ ಉಪ್ಪು ತರ್ತೇನಿ, ಕಲಸ್ಕೋ. ಅವಾ ಅಂದ, ಉಪ್ಪಿಂದಲ್ಲೋ ಮಾತು. ಆಕಿ ಕೈ ಉಪ್ಪು ತಪ್ಪೋ ಕೈ ಅಲ್ಲ. ಆಕಿಗೇನೋ ಆಗೇದ. ಜಡ್ಡಾಗೇದೋ, ಮನಸಿಗಿ ಏನರ ಹತ್ತೇದೋ. ಮೂರು ಹೊತ್ತೂ ಇದ ಧ್ಯಾನ. ಕಡಿಗಿ ಸಾಹೇಬನ ಕೈಕಾಲು ಬಿದ್ದು ರಜಾ ತೊಗೊಂಡು, ಮೋಸಂಬಿ ಕಟ್ಟಿಸ್ಕೊಂಡು ಬಂದ. ತಿರುಗಿ ಬಂದಾಗ ಅವನ ಮಾರಿ ನೋಡಬೇಕಾಗಿತ್ತು ನೀವು! 'ಆರಾಮ ಅದಾಳ ಮಹಿಬೂಬ, ನನಗ ಬೈದು ಕಳಿಸಿದಳು' ಅಂತ ಕುಣದ. ಕಂಬಳಿ ನನ್ನ ಮ್ಯಾಲ ಒಗದ. ಮರುದಿನ ಪಲ್ಲೆಕ ಉಪ್ಪು ಬಂತು. ಅವತ್ತ ನನಗೊಂದು ತುತ್ತೂ ಉಳಿಸ್ಲಿಲ್ಲ ಹರಾಮಿ."

"ನಿಮಗ್ಯಾಕ ಉಳಸ್ಬೇಕು?" ಎಂದಳು ಅವ್ವ. "ನಿಮ್ಮ ಬುತ್ತಿ ನಿಮಗ ಬರ್ತಿತ್ತಲ್ಲ?"

"ಅಯ್ಯ, ನಾವು ಎಂದ್ ಬ್ಯಾರೆ ಬ್ಯಾರೆ ಉಂಡೇವ್ರಿ? ಎರಡೂ ಚೀಲ ಬಿಚ್ಚಿ ನಡುವ ಹರವಿಕೊಂಡು ಕೂಡೇ ಉಣ್ತಿದ್ದೆವು. ಮೊದಲಿನಿಂದ್ಲೂ."

ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ. ಇಷ್ಟು ವರ್ಷ ನಮ್ಮಿಬ್ಬರ ತಲೆಗೂ ಹೊಳೆಯದ ಸಂಗತಿ ಇದು. ಒಂದು ಚೀಲ ಎಂದರೆ ಒಂದು ಬಾಯಿ ಎಂದು ನಾವು ತಿಳಿದಿದ್ದೆವು.

"ಹಂಗಾದ್ರ ಭೀಮಶಾ ಹೊಸದಾಗಿ ಬಂದಾಗ... ಚೀಲ ಅದಲುಬದಲು ಕೊಡ್ತಿದ್ದನಲ್ಲ..." ಅವ್ವ ಕೂತಲ್ಲೇ ಮುಂದಕ್ಕೆ ಬಾಗಿದಳು.

"ಮೊದಲನೇ ದಿನಾನೇ ಗೊತ್ತಾತಲ್ರಿ! ಸಿದ್ರಾಮ ಬಿಳಿ ಗುಂಡಿ ಚೀಲ ಬಿಚ್ಚಿ, ಒಂದು ಚೂರು ರೊಟ್ಟಿ ಬಾಯಾಗ ಇಟ್ಟವನೇ, 'ಇದು ನಮ್ಮಾಕಿದಲ್ಲ, ನಿಮ್ಮ ಮನಿದು' ಅಂತ ನನ್ನ ಕಡಿ ಸರಿಸಿದ. ಭೀಮಶಾಗ ಹೇಳೂಣು ಅಂದೆ. ಬ್ಯಾಡೋ, ಹೊಸಬ, ಮನಸಿಗಿ ಹಚ್ಕೋತಾನ, ಹ್ಯಾಂಗೂ ಕೂಡೇ ಉಣ್ತೇವಲ್ಲ ಅಂದ."

ಅವ್ವ ಕೈ ಚಾಚಿ ಕಂಬಳಿಯ ಕೆಂಪು ದಾರವನ್ನು ಬೆರಳಿಂದ ಸವರಿದಳು. ಆಮೇಲೆ ಇದ್ದ ಕೊನೆಯ ಪ್ರಶ್ನೆಯನ್ನೂ ಕೇಳಿಬಿಟ್ಟಳು.

"ಮತ್ತ ಉಪ್ಪಿಲ್ಲ ಅಂತ ನನಗೊಂದು ಮಾತು ಯಾಕ ಅನ್ಲಿಲ್ರಿ ಅವರು?"

ಮಹಿಬೂಬಸಾಬನ ನಗು ನಿಂತಿತು. "ಅದು ಅವನ ಬಾಯಾಗ ಬರ್ತಿರ್ಲಿಲ್ರಿ ಭಾಭಿ. ಅವರಪ್ಪ ಉಪ್ಪು ಹೆಚ್ಚುಕಮ್ಮಿ ಆದ್ರ ಹಿತ್ತಾಳಿ ತಾಟು ಎತ್ತಿ ಒಗೀತಿದ್ನಂತ. ಒಮ್ಮಿ ಅವರವ್ವನ ಹಣಿಗಿ ಬಡದು ರಗತ ಬಂತಂತ. ಸಣ್ಣಾವಿದ್ದ, ಕಣ್ಣಾರೆ ನೋಡಿದ್ದ. ಊಟದ ಮ್ಯಾಲ ಹೆಸರಿಡೋ ಮಾತು ನನ್ನ ಬಾಯಾಗ ಬರಬಾರ್ದು ಅಂತ ಆಣಿ ಹಾಕ್ಕೊಂಡಿದ್ದ."

"ಗಡಗಡಿ ಬಡದದ್ದು ಅಂತಿದ್ದಳು ನಮ್ಮತ್ತಿ," ಎಂದಳು ಅವ್ವ, ತನ್ನಷ್ಟಕ್ಕೆ. ಕೈ ತಾನಾಗಿ ಹಣೆಗೆ ಹೋಯಿತು. ಆ ಮೇಲೆ ಏನಾಯಿತೋ, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಗುತ್ತ ಕಣ್ಣಲ್ಲಿ ನೀರು ಬಂತು. "ಅಯ್ಯ ನನ್ನ ಶಿವನ! ಪಾಪ, ನನ್ನ ಮಾರಿ ನೋಡಾಕ ಬಂದವರಿಗಿ ನಾ ಕಂಬಳಿ ಹೊರಿಸಿ ಕಳಿಸಿದೆನಲ್ರಿ!" ಮಹಿಬೂಬಸಾಬನೂ ನಕ್ಕ. ನಾನು ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿ ಮೂಗು ಸೋರಿಸಿಕೊಂಡೆ. ಎದೆಯ ಮೇಲಿಂದ ಯಾರೋ ಬೀಸುಕಲ್ಲು ಎತ್ತಿಟ್ಟ ಹಾಗಾಗಿತ್ತು. ಕಂಬಳಿ ತೊಗೊಂಡು ಹೋಗ್ರಿ ಎಂದು ಅವನು ಎಷ್ಟು ಹೇಳಿದರೂ ಅವ್ವ ಕೇಳಲಿಲ್ಲ. "ಅವರು ಕೊಟ್ಟದ್ದು. ಇರ್ಲಿ," ಎಂದಳು.

ತಿರುಗಿ ಬರುವ ಬಸ್ಸಿನಲ್ಲಿ ಕಿಡಕಿಯ ಹತ್ತಿರ ಕೂತು ಹೊರಗಿನ ತೊಗರಿ ಹೊಲ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ನನ್ನ ಮೊಣಕೈ ತಿವಿದಳು.

"ನಾಲಿಗಿ ಇತ್ತು ಬೇ."

"ಇತ್ತವ್ವಾ."

"ಭಾಳ ಇತ್ತು," ಎಂದು ಹೇಳಿ ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ಊರು ಬಂದಾಗ ಎಬ್ಬಿಸಬೇಕಾಯಿತು.

ಆಮೇಲಿನ ದಿನಗಳಲ್ಲಿ ಅವಳು ಹಗುರಾಗಿದ್ದಳು. ಒಮ್ಮಿ ಕೇಳಬೇಕಾಗಿತ್ತೇನು ಎಂಬ ಮಾತು ಮತ್ತೆ ಬರಲಿಲ್ಲ. ಯಾರದೋ ಸೀಮಂತದಲ್ಲಿ ಹಳೆಯ ಪುಂಡಿಪಲ್ಯದ ಒಡಪು ಹೇಳಿದಳೆಂದು ನಮ್ಮ ಅತ್ತಿಗೆ ಫೋನು ಮಾಡಿ ನಕ್ಕಳು.

ಅವಳ ಕೊನೆಯ ವರ್ಷ, ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಗೆ ನಾನು ನಿಂಬರ್ಗಾಕ್ಕೆ ಹೋಗಿದ್ದೆ. ಒಲೆಯ ಮುಂದೆ ಕೂರುವ ಶಕ್ತಿ ಇರಲಿಲ್ಲ. ಆದರೂ ಅಪ್ಪನ ಎಡೆಯ ಪುಂಡಿಪಲ್ಯ ತಾನೇ ಮಾಡುತ್ತೇನೆಂದು ಹಟ ಹಿಡಿದು ಕೂತಳು. ನಾನು ಪಕ್ಕದಲ್ಲಿ ನಿಂತು ಎಲ್ಲ ಕೈಗೆ ಕೊಟ್ಟೆ. ನುಚ್ಚು ಕೊಟ್ಟೆ, ಮೆಣಸಿನಕಾಯಿ ಕೊಟ್ಟೆ, ಬೆಳ್ಳುಳ್ಳಿ ಕೊಟ್ಟೆ. ಉಪ್ಪಿನ ಡಬ್ಬಿ ಕೊಡಹೋದರೆ ಕೈಯಿಂದ ಹಿಂದಕ್ಕೆ ತಳ್ಳಿದಳು.

"ಅವ್ವಾ, ಉಪ್ಪು!"

"ಗೊತ್ತದ. ನಿನ್ನ ಕೆಲಸ ನೀ ನೋಡು."

ಫೋಟೋದ ಮುಂದೆ ಎಡೆ ಇಟ್ಟಳು. ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು ಕದ ಮುಂದೆ ಮಾಡುವುದು ಪದ್ಧತಿ. ನಾನು ಕದ ಎಳೆಯಹೋದೆ. ಅವ್ವ ನನ್ನ ಕೈ ಹಿಡಿದಳು.

"ತಗದಿರ್ಲಿ," ಎಂದಳು. "ಅವರು ಹೊಸ್ತಲದಾಗ ನಿಂತ ನೋಡ್ತಾರ."

ಆಮೇಲೆ ಗೋಡೆಗೆ ಒರಗಿ, ಬಾಗಿಲ ಕಡೆ ಮುಖ ಮಾಡಿ ಕೂತಳು.